ತೊಲದ ಅರ್ಥವೂ ತೂಕದ ಧರ್ಮವೂ

(ಶ್ರೀಮಠದ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

|| ಓಂ ಶ್ರೀ ಗುರುಬಸವಲಿಂಗಾಯ ನಮಃ ||



ಈ ದಿನಗಳಲ್ಲಿ ಶ್ರೀಮಠದಲ್ಲಿ ನಡೆಯುತ್ತಿರುವ ಉತ್ಸವಕ್ಕೆ ಸುವರ್ಣ ಮಹೋತ್ಸವವೆಂದು ಹೆಸರು. ಸುವರ್ಣವೆಂದರೆ ಬಂಗಾರವೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಸ್ಮೃತಿಗಳಲ್ಲಿಯೂ ಪೂರ್ವಿಕರ ಗಣಿತಗ್ರಂಥಗಳಲ್ಲಿಯೂ ಈ ಶಬ್ದಕ್ಕೆ ಮತ್ತೊಂದು ಅರ್ಥವುಂಟು. ಅಲ್ಲಿ ಅದು ಒಂದು ತೂಕದ ಹೆಸರು. ಎಂಬತ್ತು ಗುಲಗಂಜಿಗಳಷ್ಟು ತೂಗುವ ಬಂಗಾರವೇ ಒಂದು ಸುವರ್ಣ. ಹೊಳಪಿನಿಂದ ಮಾತ್ರ ಬಂಗಾರಕ್ಕೆ ಬೆಲೆ ಬರುವುದಿಲ್ಲ, ಅದನ್ನು ತ್ರಾಸಿನಲ್ಲಿಟ್ಟು ತೂಗಿದ ಮೇಲೆಯೇ ಅದರ ಬೆಲೆ ನಿರ್ಣಯವಾಗತಕ್ಕದ್ದು ಎಂಬ ಹಿರಿಯರ ಅಭಿಪ್ರಾಯವು ಆ ಹೆಸರಿನಲ್ಲಿಯೇ ಅಡಗಿರುವುದು. ಆದಕಾರಣ ಇಂತಹ ಸಂದರ್ಭದಲ್ಲಿ ತೂಕದ ವಿಚಾರವನ್ನೆತ್ತಿಕೊಳ್ಳುವುದು ಅಪ್ರಸ್ತುತವಾಗಲಾರದು.

ತೂಕಗಳು ಅನೇಕ. ಅವುಗಳಲ್ಲಿ ತೊಲವೆಂಬುದೊಂದೇ ಇಂದಿನ ವಿಷಯ. ಇದು ಅಂಗಡಿಗೆ ಮಾತ್ರ ಸಂಬಂಧಿಸಿದ ಮಾತೆಂದು ಯಾರೂ ತಿಳಿಯಬಾರದು. ಮನೆಯಲ್ಲಿ ಮಗುವಿಗೆ ಲಿಂಗದೀಕ್ಷೆಯನ್ನು ಗೊತ್ತುಮಾಡಿದಾಗ ತಂದೆತಾಯಿಗಳು ಬೆಳ್ಳಿಯ ಕರಡಿಗೆಯನ್ನು ಮಾಡಿಸಲು ಪತ್ತಾರನ ಬಳಿಗೆ ಹೋಗುವರು. ಅವನು ಮೊದಲು ಕೇಳುವ ಪ್ರಶ್ನೆಯು “ಎಷ್ಟು ತೊಲದ್ದು ಮಾಡಲಿ?” ಎಂಬುದೇ. “ಐದು ತೊಲದ್ದಿರಲಿ” ಎಂದು ತಂದೆಯು ಉತ್ತರ ಕೊಡುವನು. ಇಷ್ಟು ಮಾತಿನಲ್ಲಿ ಒಪ್ಪಂದವು ಮುಗಿಯುವುದು. ಆದರೆ ಕೇಳಿದವನ ಮನಸ್ಸಿನ ತೊಲವೂ ಹೇಳಿದವನ ಮನಸ್ಸಿನ ತೊಲವೂ ಒಂದೇ ಆಗಿದ್ದವೆ? ಒಂದೇ ಆಗಿರದಿದ್ದರೆ ಇಷ್ಟಲಿಂಗವನ್ನು ಧರಿಸುವ ಪವಿತ್ರವಾದ ಕರಡಿಗೆಯ ವಿಷಯದಲ್ಲಿಯೇ ಒಂದು ಅಸತ್ಯವು ಯಾರಿಗೂ ತಿಳಿಯದಂತೆ ಸೇರಿಕೊಳ್ಳುವುದಿಲ್ಲವೆ? ಈ ಸಂಶಯವು ಹೇಗೆ ಹುಟ್ಟಿತು, ಅದಕ್ಕೆ ಪರಿಹಾರವೇನು ಎಂಬುದನ್ನು ತಿಳಿಯಬೇಕಾದರೆ ತೊಲದ ಚರಿತ್ರೆಯನ್ನು ಮೂಲದಿಂದ ನೋಡತಕ್ಕದ್ದು.

ಶಬ್ದಾರ್ಥ

ತೊಲವೆಂಬುದು ‘ತುಲಾ’ ಎಂಬ ಸಂಸ್ಕೃತ ಶಬ್ದದಿಂದ ಬಂದುದು. ‘ತುಲ್’ ಎಂಬ ಧಾತುವಿಗೆ ತೂಗು, ಎತ್ತಿ ಹಿಡಿ ಎಂಬರ್ಥ. ಅದರಿಂದ ತುಲಾ ಎಂದರೆ ತಕ್ಕಡಿ. ದ್ವಾದಶ ರಾಶಿಗಳಲ್ಲಿ ಏಳನೆಯದಕ್ಕೂ ಇದೇ ಹೆಸರು. ಮನೆಯ ಮಾಳಿಗೆಯನ್ನು ಹೊರುವ ಅಡ್ಡಮರಕ್ಕೂ ಸಂಸ್ಕೃತದಲ್ಲಿ ತುಲಾ ಎನ್ನುವರು. ಕನ್ನಡದ ಮನೆಗಳಲ್ಲಿ ಇಂದಿಗೂ ಕಂಬದ ಮೇಲೆ ಕೂಡಿಸುವ ಮರವನ್ನು ತೊಲೆಯೆಂದು ಕರೆಯುವುದುಂಟಷ್ಟೆ. ತಕ್ಕಡಿಯ ದಂಡವೂ ಮಾಳಿಗೆಯ ತೊಲೆಯೂ ಮಾಡುವ ಕೆಲಸವೊಂದೇ, ಭಾರವನ್ನು ಸಮನಾಗಿ ಹೊರುವುದು.

ಇಲ್ಲಿ ಗಮನಿಸತಕ್ಕ ವಿಶೇಷವೊಂದುಂಟು. ಅಮರಕೋಶವನ್ನು ಪಾಠಮಾಡಿದವರು ಬಲ್ಲಂತೆ ಅಲ್ಲಿ ನೂರು ಪಲಗಳಿಗೆ ಒಂದು ತುಲಾ ಎಂದು ಹೇಳಿದೆ. ನಾಲ್ಕು ಕರ್ಷಗಳಿಗೆ ಒಂದು ಪಲ. ಹೀಗೆ ಒಂದು ಕಾಲದಲ್ಲಿ ತುಲಾ ಎಂದರೆ ನಾನೂರು ಕರ್ಷಗಳ ದೊಡ್ಡ ತೂಕವಾಗಿದ್ದಿತು. ಅದೇ ಶಬ್ದದ ಮಗನಾದ ತೊಲವು ಇಂದು ಬಂಗಾರ ಬೆಳ್ಳಿಗಳನ್ನು ತೂಗುವ ಚಿಕ್ಕ ತೂಕವಾಗಿದೆ. ಹೆಸರು ಉಳಿದು ಅದರ ಭಾರವು ಬೇರೆಯಾಯಿತು. ಮುಂದೆ ಹೇಳಬೇಕಾಗಿರುವ ವಿಷಯಕ್ಕೆಲ್ಲ ಇದೇ ಬೀಜವೆಂದು ತಿಳಿಯಬೇಕು.

ಗುಲಗಂಜಿಯಿಂದ ಗದ್ಯಾಣದವರೆಗೆ

ಮನುಷ್ಯನು ತೂಕಕ್ಕೆ ಮೊದಲು ಆಶ್ರಯಿಸಿದ್ದು ಬೀಜಗಳನ್ನು. ಜವೆ, ಸಾಸಿವೆ, ಉದ್ದು, ಗುಲಗಂಜಿ ಇವು ಹೊಲದಲ್ಲಿಯೂ ಬೇಲಿಯಲ್ಲಿಯೂ ಸಿಕ್ಕುವ ವಸ್ತುಗಳು. ಬಡವನಿಗೂ ಬಲ್ಲಿದನಿಗೂ ಸಮಾನವಾಗಿ ದೊರೆಯತಕ್ಕವು. ಇವುಗಳಲ್ಲಿ ಕೆಂಪು ಮೈಯೂ ಕಪ್ಪು ಮೂತಿಯೂ ಉಳ್ಳ ಗುಲಗಂಜಿಯು ಅಕ್ಕಸಾಲಿಗರ ಪೆಟ್ಟಿಗೆಯಲ್ಲಿ ಶಾಶ್ವತವಾಗಿ ನೆಲೆಸಿತು. ತಿಂದರೆ ವಿಷವಾಗುವ ಈ ಬೀಜವು ನೋಡಲು ಅಂದವಾದುದು, ಗಟ್ಟಿಯಾದುದು, ಬೇಗನೆ ಕೆಡದು. ಒಂದೊಂದು ಬೀಜವನ್ನೂ ತೂಗಿ ನೋಡಿದರೆ ಸ್ವಲ್ಪ ಹೆಚ್ಚು ಕಡಿಮೆ ಇದ್ದೇ ಇರುವುದು. ಆದರೆ ಬೀಜಗಳನ್ನು ಆರಿಸಿ ತೊಂಬತ್ತು ನೂರನ್ನು ಒಟ್ಟಿಗೆ ತೂಗಿದಾಗ ಒಂದರ ಹೆಚ್ಚಳವು ಮತ್ತೊಂದರ ಕೊರತೆಯನ್ನು ಬಹುಮಟ್ಟಿಗೆ ತುಂಬುವುದು.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ತೂಕಗಳಿಗಾಗಿಯೇ ಒಂದು ಅಧ್ಯಾಯವುಂಟು. ಐದು ಗುಂಜಿಗಳಿಗೆ ಒಂದು ಸುವರ್ಣಮಾಷ, ಹದಿನಾರು ಮಾಷಗಳಿಗೆ ಒಂದು ಸುವರ್ಣ ಅಥವಾ ಕರ್ಷ, ನಾಲ್ಕು ಕರ್ಷಗಳಿಗೆ ಒಂದು ಪಲ ಎಂದು ಅಲ್ಲಿ ನಿರೂಪಿತವಾಗಿದೆ. ತೂಕದ ಬಟ್ಟುಗಳನ್ನು ಕಬ್ಬಿಣದಿಂದಾಗಲಿ, ಗೊತ್ತಾದ ಬೆಟ್ಟಗಳ ಶಿಲೆಯಿಂದಾಗಲಿ, ನೀರು ತಗಲಿದರೆ ಹೆಚ್ಚದೆ ಬಿಸಿ ತಗಲಿದರೆ ಕುಗ್ಗದೆ ಇರುವ ಬೇರೆ ವಸ್ತುವಿನಿಂದಾಗಲಿ ಮಾಡತಕ್ಕದ್ದೆಂದೂ, ನಾಲ್ಕು ತಿಂಗಳಿಗೊಮ್ಮೆ ಅಧಿಕಾರಿಗಳು ಅವುಗಳನ್ನು ಪರೀಕ್ಷಿಸತಕ್ಕದ್ದೆಂದೂ ಆ ಗ್ರಂಥವು ವಿಧಿಸಿದೆ. ತೂಕವು ಬದಲಾಗದಿರಬೇಕೆಂಬ ಕಳವಳವು ಎಷ್ಟು ಪ್ರಾಚೀನವೆಂಬುದು ಇದರಿಂದ ವ್ಯಕ್ತವಾಗುವುದು.

ಕನ್ನಡನಾಡಿನ ವಿದ್ವಾಂಸರೂ ಈ ವಿಷಯದಲ್ಲಿ ಹಿಂದುಳಿಯಲಿಲ್ಲ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದ ಆರಂಭದಲ್ಲಿಯೇ ಬಂಗಾರ, ಬೆಳ್ಳಿ, ಇತರ ಲೋಹಗಳು ಇವುಗಳ ತೂಕದ ಪರಿಭಾಷೆಯನ್ನು ಬೇರೆ ಬೇರೆಯಾಗಿ ಹೇಳಿದನು. ಹನ್ನೆರಡನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ರಚಿಸಿದನು. ಅದೇ ಶತಮಾನದಲ್ಲಿ, ೧೧೫೦ರ ಸುಮಾರಿಗೆ, ಸಹ್ಯಾದ್ರಿಯ ಸೀಮೆಯವನಾದ ಭಾಸ್ಕರಾಚಾರ್ಯನು ರಚಿಸಿದ ಲೀಲಾವತಿಯಲ್ಲಿ ಮೂರು ಗುಂಜಿಗಳಿಗೆ ಒಂದು ವಲ್ಲ, ಎಂಟು ವಲ್ಲಗಳಿಗೆ ಒಂದು ಧರಣ, ಎರಡು ಧರಣಗಳಿಗೆ ಒಂದು ಗದ್ಯಾಣಕ ಎಂಬ ಕೋಷ್ಟಕವಿದೆ. ಅಂದರೆ ಗದ್ಯಾಣಕವು ನಲವತ್ತೆಂಟು ಗುಂಜಿಗಳ ತೂಕ. ಕನ್ನಡದ ಶಾಸನಗಳಲ್ಲಿ ದಾನ ದತ್ತಿಗಳ ಸಂಬಂಧದಲ್ಲಿ ಮತ್ತೆ ಮತ್ತೆ ಬರುವ ಗದ್ಯಾಣವು ಇದೇ ಹೆಸರಿನ ಹೊನ್ನು. ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಗಳಾಗಿದ್ದಾಗ ಅವರ ಕೈಯಿಂದ ಎಣಿಕೆಯಾಗುತ್ತಿದ್ದ ಹೊನ್ನಿನ ಲೆಕ್ಕವೂ ಗದ್ಯಾಣ, ಪಣ, ಹಾಗ, ವೀಸಗಳ ಲೆಕ್ಕವೇ.

ತೊಲದ ಕೋಷ್ಟಕವು ಇದಕ್ಕೆ ಸಮೀಪವಾದುದು. ಎಂಟು ಗುಂಜಿಗಳಿಗೆ ಒಂದು ಮಾಸ, ಹನ್ನೆರಡು ಮಾಸಗಳಿಗೆ ಒಂದು ತೊಲ. ಹೀಗೆ ಒಂದು ತೊಲಕ್ಕೆ ತೊಂಬತ್ತಾರು ಗುಂಜಿಗಳು. ಗುಂಜಿಯ ಎಣಿಕೆಯಿಂದ ನೋಡಿದರೆ ಲೀಲಾವತಿಯ ಗದ್ಯಾಣಕವು ತೊಲದ ಸರಿಯರ್ಧ. ಕರ್ಷವೋ ಎಂಬತ್ತು ಗುಂಜಿಗಳದು. ಆದರೂ ಕಾಲಾಂತರದಲ್ಲಿ ವೈದ್ಯರು ಕರ್ಷವನ್ನೂ ತೊಲವನ್ನೂ ಒಂದೇ ಎಂದು ವ್ಯವಹರಿಸಿದರು. ಭಾರತ ಸರ್ಕಾರದ ಆಯುರ್ವೇದ ಯೋಗಸಂಗ್ರಹದಲ್ಲಿಯೂ ಕರ್ಷವೆಂದರೆ ತೊಲವೆಂದೇ ಎಣಿಸಿ ಅದನ್ನು ೧೨ ಗ್ರಾಮಿಗೆ ಸರಿಗೊಳಿಸಲಾಗಿದೆ. ವೈದ್ಯನ ಮಾಸವು ಎಂಟು ಗುಂಜಿಗಳದು, ಕೌಟಿಲ್ಯನ ಮಾಷವು ಐದರದು. ಹೀಗೆ ಒಂದೇ ಹೆಸರನ್ನು ಕೇಳಿದಾಗ ಯಾವ ಶಾಸ್ತ್ರದ್ದೆಂದು ವಿಚಾರಿಸದೆ ಮುಂದೆ ಹೋಗಬಾರದು. ಔಷಧದಲ್ಲಿ ಈ ವಿಚಾರವನ್ನು ಬಿಟ್ಟವನು ರೋಗಿಯ ಪ್ರಾಣಕ್ಕೇ ಅಪಾಯವನ್ನು ತರುವನು.

ನಾಣ್ಯವೇ ತೂಕವಾದುದು

ಬೀಜದ ಕಾಲವು ಮುಗಿದು ನಾಣ್ಯದ ಕಾಲವು ಬಂದಿತು. ಹದಿನಾರನೆಯ ಶತಮಾನದಲ್ಲಿ, ೧೫೪೦ರಿಂದ ೧೫೪೫ರವರೆಗೆ ದಿಲ್ಲಿಯಲ್ಲಿ ಆಳಿದ ಶೇರಶಹನು ಬೆಳ್ಳಿಯ ರೂಪಾಯಿಯನ್ನು ಅಚ್ಚುಹಾಕಿಸಿದನು. ಅದರ ತೂಕವು ೧೭೮ ಗ್ರೇನುಗಳ ಸುಮಾರು, ತೊಲಕ್ಕೆ ಬಹು ಹತ್ತಿರ. ಮುಂದೆ ಕಂಪನಿ ಸರ್ಕಾರದವರು ೧೮೩೩ರಲ್ಲಿ ಬಂಗಾಳದ ಕಾಯಿದೆಯೊಂದರಿಂದ ತೊಲವನ್ನು ೧೮೦ ಗ್ರೇನುಗಳೆಂದು ನಿಶ್ಚಯಿಸಿದರು. ೧೮೩೫ರ ನಾಣ್ಯದ ಕಾಯಿದೆಯಿಂದ ರೂಪಾಯಿಯೂ ಅಷ್ಟೇ ತೂಕದ್ದಾಯಿತು. ಇಂದಿನ ಲೆಕ್ಕದಲ್ಲಿ ೧೮೦ ಗ್ರೇನುಗಳೆಂದರೆ ೧೧.೬೬೪ ಗ್ರಾಮು.

ಈ ಏರ್ಪಾಡಿನ ಪ್ರಯೋಜನವು ಬಹು ದೊಡ್ಡದು. ರೂಪಾಯಿಯು ಬೆಲೆಯೂ ಆಯಿತು, ಬಟ್ಟೂ ಆಯಿತು. ತೂಕದ ಕಲ್ಲು ಇಲ್ಲದ ಹಳ್ಳಿಯಲ್ಲಿಯೂ ಸವೆಯದ ರೂಪಾಯಿಗಳನ್ನು ಒಂದು ತಟ್ಟೆಗೆ ಹಾಕಿದರೆ ಸಾಕು, ಅಷ್ಟು ತೊಲದ ತೂಕವು ಸಿದ್ಧವಾಗುತ್ತಿದ್ದಿತು. ಎಂಬತ್ತು ರೂಪಾಯಿಗಳ ತೂಕಕ್ಕೆ ಒಂದು ಪಕ್ಕಾ ಸೇರು, ನಲವತ್ತು ಸೇರುಗಳಿಗೆ ಒಂದು ಮಣ. ಎಂಬತ್ತನ್ನು ಅರ್ಧಿಸಿದರೆ ನಲವತ್ತು, ಅದನ್ನರ್ಧಿಸಿದರೆ ಪಾವು ಸೇರಿನ ಇಪ್ಪತ್ತು, ಮತ್ತೆ ಹತ್ತು, ಕೊನೆಗೆ ಚಟಾಕಿನ ಐದು. ನಾಲ್ಕು ಸಲ ಅರ್ಧಿಸಿದರೂ ಭಿನ್ನರಾಶಿಯು ಬರುವುದಿಲ್ಲ. ಅರ್ಧಿಸುವುದಕ್ಕೆ ತಕ್ಕಡಿಯೊಂದೇ ಸಾಕು, ಲೆಕ್ಕ ಬಾರದವನೂ ರಾಶಿಯನ್ನು ಎರಡು ತಟ್ಟೆಗಳಿಗೆ ಸಮನಾಗಿ ಹಂಚಬಲ್ಲನು. ಸಿಂಧೂ ಕಣಿವೆಯ ಪ್ರಾಚೀನ ನಗರಗಳಲ್ಲಿ ದೊರೆತ ಚೌಕನೆಯ ತೂಕದ ಕಲ್ಲುಗಳು ಕೂಡ ಒಂದು, ಎರಡು, ನಾಲ್ಕು, ಎಂಟು, ಹದಿನಾರು ಎಂಬ ಕ್ರಮದಲ್ಲಿಯೇ ಇರುವುವು. ಈ ಅರ್ಧಿಸುವ ಕ್ರಮವು ಎಷ್ಟು ಹಳೆಯದೆಂಬುದಕ್ಕೆ ಅವು ಸಾಕ್ಷಿ.

ಭಕ್ತರಿಗೆ ಪರಿಚಿತವಾದ ತುಲಾಭಾರ ಸೇವೆಯಿಂದ ಇದನ್ನು ಸುಲಭವಾಗಿ ತಿಳಿಯಬಹುದು. ಹಂಪೆಯ ವಿಠ್ಠಲ ದೇವಾಲಯದ ಬಳಿಯಲ್ಲಿ ಕಲ್ಲಿನ ತುಲಾಭಾರದ ಕಂಬಗಳು ಇಂದಿಗೂ ನಿಂತಿವೆ. ಅರಸರು ತಮ್ಮ ತೂಕದ ಬಂಗಾರವನ್ನು ದಾನಮಾಡುತ್ತಿದ್ದ ಸ್ಥಳವೆಂದು ಅದು ಪ್ರಸಿದ್ಧವಾಗಿದೆ. ಮಠಗಳಲ್ಲಿ ಗುರುಗಳಿಗೆ ಭಕ್ತರು ನಾಣ್ಯಗಳಿಂದಲೂ ಧಾನ್ಯಗಳಿಂದಲೂ ತುಲಾಭಾರವನ್ನು ಮಾಡುವರು. ಬೆಳ್ಳಿಯ ರೂಪಾಯಿಗಳು ಚಲಾವಣೆಯಲ್ಲಿದ್ದ ಕಾಲದಲ್ಲಿ ಒಂದು ತುಲಾಭಾರಕ್ಕೆ ೪,೮೦೦ ರೂಪಾಯಿಗಳು ಹಿಡಿದವೆಂದು ಭಾವಿಸತಕ್ಕದ್ದು. ಪ್ರತಿಯೊಂದು ರೂಪಾಯಿಯೂ ಒಂದು ತೊಲವಾದುದರಿಂದ ತೂಕವು ೪,೮೦೦ ತೊಲ. ಎಂಬತ್ತರಿಂದ ಭಾಗಿಸಿದರೆ ೬೦ ಸೇರು, ಅಂದರೆ ಒಂದೂವರೆ ಮಣ, ಇಂದಿನ ೫೬ ಕಿಲೋಗ್ರಾಮು. ಹಣವನ್ನು ಎಣಿಸಿದವನಿಗೆ ಭಾರವೂ ತಿಳಿಯಿತು, ಭಾರವನ್ನು ತೂಗಿದವನಿಗೆ ಹಣವೂ ತಿಳಿಯಿತು. ಸಂಶಯಕ್ಕೆ ಎಡೆಯೇ ಇಲ್ಲ. ೧೯೪೦ರಲ್ಲಿ ರೂಪಾಯಿಯ ಬೆಳ್ಳಿಯ ಪಾಲನ್ನು ಅರ್ಧಕ್ಕಿಳಿಸಲಾಯಿತು. ೧೯೪೭ರಲ್ಲಿ ನಿಕ್ಕಲ್ಲಿನ ರೂಪಾಯಿ ಬಂದಿತು. ಬೆಳ್ಳಿಗೂ ರೂಪಾಯಿಗೂ ತೊಲಕ್ಕೂ ಇದ್ದ ಸಂಬಂಧವು ಅಲ್ಲಿಗೆ ಕಡಿದುಹೋಯಿತು.

ಹೆಸರೊಂದು, ಭಾರ ಹಲವು

ತೊಲವು ಸ್ಥಿರವಾದರೂ ಅದರಿಂದ ಕಟ್ಟಿದ ದೊಡ್ಡ ತೂಕಗಳು ಊರೂರಿಗೆ ಬೇರೆಯಾಗಿದ್ದವು. ಮೈಸೂರು ಸೀಮೆಯಲ್ಲಿ ೨೪ ತೊಲಗಳಿಗೆ ಒಂದು ಕಚ್ಚಾ ಸೇರು. ಅಂತಹ ನಲವತ್ತು ಸೇರುಗಳ ಮಣವೆಂದರೆ ೯೬೦ ತೊಲ, ಅದು ೧೧ ಕಿಲೋಗ್ರಾಮು ೨೦೦ ಗ್ರಾಮಿನಷ್ಟು. ಮದರಾಸಿನ ಕಡೆ ಎಂಟು ವೀಸೆಗಳಿಗೆ ಒಂದು ಮಣ. ವೀಸೆಗೆ ೧೨೦ ತೊಲವಾದುದರಿಂದ ಅದೂ ೯೬೦ ತೊಲವೇ. ಮುಂಬಯಿಯ ಮಣವೋ ೨೮ ಪೌಂಡು, ೧೨ ಕಿಲೋಗ್ರಾಮು ೭೦೦ ಗ್ರಾಮು. ಎಂಬತ್ತು ತೊಲದ ಸೇರಿನ ಪಕ್ಕಾ ಮಣವು ೩,೨೦೦ ತೊಲ, ಅಂದರೆ ೩೭ ಕಿಲೋಗ್ರಾಮು ೩೨೪ ಗ್ರಾಮು. ಕನ್ನಡನಾಡು ಆಗ ಅನೇಕ ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದಿತು. ಒಂದೇ ಭಾಷೆಯನ್ನಾಡುವ ಇಬ್ಬರು ಒಕ್ಕಲಿಗರು ಗಡಿಯ ಸಂತೆಯಲ್ಲಿ ಕಲೆತು “ಮಣ” ಎಂಬ ಒಂದೇ ಶಬ್ದವನ್ನಾಡಿದರೂ, ಒಬ್ಬನ ಮಣವು ಮತ್ತೊಬ್ಬನ ಮಣದ ಮೂರು ಪಾಲಿಗಿಂತ ಹೆಚ್ಚಾಗಿರಬಹುದಾಗಿದ್ದಿತು. ಇದಲ್ಲದೆ ಸೇರು ಎಂಬ ಹೆಸರು ಅಳೆಯುವ ಪಾತ್ರೆಗೂ ಇದ್ದುದರಿಂದ ಗೊಂದಲವು ಮತ್ತಷ್ಟು ಬೆಳೆಯಿತು. ಒಂದೇ ಪಾತ್ರೆಯಲ್ಲಿ ಅಳೆದ ಭತ್ತವೂ ಅಕ್ಕಿಯೂ ಒಂದೇ ತೂಕವನ್ನು ತೂಗಲಾರವಷ್ಟೆ.

ಈ ಗೊಂದಲದಿಂದ ಲಾಭ ಹೊಂದಿದವರು ಯಾರು? ಎರಡು ಬಗೆಯ ಬಟ್ಟುಗಳನ್ನಿಟ್ಟುಕೊಂಡು, ಕೊಳ್ಳುವಾಗ ದೊಡ್ಡದರಿಂದಲೂ ಮಾರುವಾಗ ಚಿಕ್ಕದರಿಂದಲೂ ತೂಗುವವರು. ನಷ್ಟ ಹೊಂದಿದವರು ವರ್ಷವೆಲ್ಲ ಬೆವರು ಸುರಿಸಿ, ಲೆಕ್ಕ ತಿಳಿಯದೆ, ಬಂದಷ್ಟನ್ನು ತೆಗೆದುಕೊಂಡು ಮನೆಗೆ ಹೋಗುವವರು. ೧೯೨೮ರಲ್ಲಿ ವರದಿಯನ್ನೊಪ್ಪಿಸಿದ ವ್ಯವಸಾಯದ ರಾಯಲ್ ಕಮಿಷನ್ನಿನವರು ತೂಕ ಅಳತೆಗಳನ್ನು ಏಕರೀತಿಗೆ ತರಬೇಕೆಂದು ಸೂಚಿಸಿದರು. ೧೯೩೯ರ ಕಾಯಿದೆಯು ೧೮೦ ಗ್ರೇನಿನ ತೊಲ, ೮೦ ತೊಲದ ಸೇರು, ೪೦ ಸೇರಿನ ಮಣಗಳನ್ನು ದೇಶಕ್ಕೆಲ್ಲ ಪ್ರಮಾಣವೆಂದು ಸಾರಿತು. ಕನ್ನಡನಾಡು ಒಂದಾದ ೧೯೫೬ರಲ್ಲಿಯೇ ದಶಮಾನ ಪದ್ಧತಿಯ ಕಾಯಿದೆಯೂ ಆಯಿತು. ೧೯೫೮ರ ಅಕ್ಟೋಬರ್ ೧ರಿಂದ ಗ್ರಾಮು, ಕಿಲೋಗ್ರಾಮುಗಳು ಹಂತಹಂತವಾಗಿ ಪೇಟೆಗಳನ್ನು ಪ್ರವೇಶಿಸಿದವು. ನಾಡಿನ ಜನರು ಒಂದಾದಂತೆಯೇ ಅವರ ತಕ್ಕಡಿಗಳೂ ಒಂದಾದವು.

ಕಿಲೋಗ್ರಾಮಾದರೂ ಮೊದಲಿನಿಂದ ಅಚಲವಾಗಿದ್ದಿತೆಂದು ತಿಳಿಯಬೇಕಾಗಿಲ್ಲ. ೧೮೮೯ರಿಂದ ಪ್ಯಾರಿಸಿನ ಸಮೀಪದಲ್ಲಿ ಭದ್ರವಾಗಿಟ್ಟಿದ್ದ ಲೋಹದ ಗುಂಡೊಂದು ಅದರ ಪ್ರಮಾಣವಾಗಿದ್ದಿತು. ಲೋಹವೂ ಕಾಲಕ್ರಮದಲ್ಲಿ ಅತಿಸೂಕ್ಷ್ಮವಾಗಿ ವ್ಯತ್ಯಾಸ ಹೊಂದುವುದೆಂದು ಕಂಡುಬಂದುದರಿಂದ, ೨೦೧೯ರ ಮೇ ೨೦ರಿಂದ ಪ್ಲಾಂಕನ ಸ್ಥಿರಾಂಕವೆಂಬ ಪ್ರಕೃತಿನಿಯಮದ ಸಂಖ್ಯೆಯನ್ನೇ ಆಧಾರವಾಗಿಟ್ಟುಕೊಂಡು ಕಿಲೋಗ್ರಾಮನ್ನು ನಿರ್ಣಯಿಸಲಾಗಿದೆ. ನೀರಿಗೆ ಹೆಚ್ಚದ, ಬಿಸಿಗೆ ಕುಗ್ಗದ ವಸ್ತುವನ್ನು ಕೌಟಿಲ್ಯನು ಹುಡುಕಿದುದಕ್ಕೂ ಇದಕ್ಕೂ ಉದ್ದೇಶವೊಂದೇ.

ತಕ್ಕಡಿಯ ಪರೀಕ್ಷೆ

ಬಟ್ಟು ಸರಿಯಾಗಿದ್ದ ಮಾತ್ರಕ್ಕೆ ತೂಕವು ಸರಿಯಾಗದು, ತಕ್ಕಡಿಯೂ ಸರಿಯಾಗಿರಬೇಕು. ದಂಡದ ಎರಡು ತೋಳುಗಳಲ್ಲಿ ಒಂದು ಉದ್ದವಾಗಿ ಮತ್ತೊಂದು ಗಿಡ್ಡವಾಗಿದ್ದರೆ, ಬರಿಯ ತಟ್ಟೆಗಳು ಸಮನಾಗಿ ನಿಂತು ಮುಳ್ಳು ನೆಟ್ಟಗಿದ್ದರೂ, ತೂಕವು ಸುಳ್ಳಾಗುವುದು. ಇದನ್ನು ಕಂಡುಹಿಡಿಯಲು ಹಿರಿಯ ಚಿನಿವಾರರು ಅನುಸರಿಸುವ ಉಪಾಯವು ಸರಳವಾದುದು. ಒಂದು ಸಲ ತೂಗಿದ ಮೇಲೆ ವಸ್ತುವನ್ನು ಬಟ್ಟಿನ ತಟ್ಟೆಗೂ ಬಟ್ಟನ್ನು ವಸ್ತುವಿನ ತಟ್ಟೆಗೂ ಬದಲಾಯಿಸಬೇಕು. ಆಗಲೂ ಮುಳ್ಳು ನೆಟ್ಟಗೆ ನಿಂತರೆ ತಕ್ಕಡಿಯು ಸತ್ಯವಾದುದು. ಒಂದು ಕಡೆಗೆ ವಾಲಿದರೆ ತೋಳುಗಳಲ್ಲಿ ದೋಷವುಂಟು.

ಒಂದು ಬೆಳ್ಳಿಯ ಬಟ್ಟಲು ಎಡದ ತಟ್ಟೆಯಲ್ಲಿ ಒಂಬತ್ತು ತೊಲವೆಂದೂ ಬಲದ ತಟ್ಟೆಯಲ್ಲಿ ಹದಿನಾರು ತೊಲವೆಂದೂ ತೂಗಿತೆಂದು ಭಾವಿಸತಕ್ಕದ್ದು. ಎರಡನ್ನೂ ಕೂಡಿಸಿ ಅರ್ಧಿಸಿದರೆ ಹನ್ನೆರಡೂವರೆ ತೊಲ ಬರುವುದು. ನ್ಯಾಯವಾದ ರಾಜಿಯೆಂದು ಅದು ತೋರಿದರೂ ಅದು ತಪ್ಪು. ಎರಡನ್ನೂ ಗುಣಿಸಿ ವರ್ಗಮೂಲವನ್ನು ತೆಗೆಯಬೇಕು. ಒಂಬತ್ತು ಹದಿನಾರಲೆ ನೂರನಲವತ್ತನಾಲ್ಕು, ಅದರ ವರ್ಗಮೂಲವು ಹನ್ನೆರಡು. ನಿಜವಾದ ತೂಕವು ಹನ್ನೆರಡು ತೊಲವೇ. ಒಂದು ತೋಳು ಎಷ್ಟು ಪಟ್ಟು ಉದ್ದವೋ ಅಷ್ಟು ಪಟ್ಟು ಒಂದು ಸಲ ತೂಕವು ಏರುವುದು, ಮತ್ತೊಂದು ಸಲ ಅಷ್ಟೇ ಪಟ್ಟು ಇಳಿಯುವುದು. ಗುಣಿಸಿದಾಗ ಆ ಏರಿಳಿತಗಳು ಒಂದನ್ನೊಂದು ಹೊಡೆದುಹಾಕುವುವು. ಎರಡು ಅಸತ್ಯಗಳ ನಡುವೆ ಸುಮ್ಮನೆ ಅರ್ಧ ದಾರಿಯಲ್ಲಿ ನಿಂತವನಿಗೆ ಸತ್ಯವು ದೊರೆಯುವುದಿಲ್ಲ, ದೋಷದ ಕಾರಣವನ್ನು ತಿಳಿದವನಿಗೆ ದೊರೆಯುವುದು.

ಇಂದಿನ ತೊಲ

ಇನ್ನು ಈಗಿನ ಕಾಲದ ಮಾತು. ೨೦೦೯ರ ಕಾನೂನುಬದ್ಧ ಮಾಪನಶಾಸ್ತ್ರದ ಕಾಯಿದೆಯಂತೆ ವ್ಯಾಪಾರದಲ್ಲಿ ಬೆಲೆಯನ್ನೂ ತೂಕವನ್ನೂ ದಶಮಾನ ಪದ್ಧತಿಯಲ್ಲಿಯೇ ಹೇಳತಕ್ಕದ್ದು. ಆದರೂ ಜನರ ನಾಲಗೆಯಿಂದ ತೊಲವು ಮರೆಯಾಗಿಲ್ಲ. ಮರೆಯಾಗಬೇಕಾದ ಅಗತ್ಯವೂ ಇಲ್ಲ. ತೊಂದರೆಯು ಬಂದಿರುವುದು ಬೇರೆ ಕಡೆಯಿಂದ. ಲೆಕ್ಕದ ಅನುಕೂಲಕ್ಕಾಗಿ ಅನೇಕರು ಈಗ ಹತ್ತು ಗ್ರಾಮನ್ನೇ ಒಂದು ತೊಲವೆಂದು ಕರೆಯುವರು. ಹಳೆಯ ತೊಲವು ೧೧.೬೬೪ ಗ್ರಾಮು. ಹೊಸ ಮಾತಿನ ತೊಲವು ಅದಕ್ಕಿಂತ ೧.೬೬೪ ಗ್ರಾಮಿನಷ್ಟು ಕಡಿಮೆ, ಅಂದರೆ ಏಳರಲ್ಲಿ ಒಂದು ಪಾಲು ಕಡಿಮೆ. ಅದೇ ಸಮಯದಲ್ಲಿ ಹತ್ತು ತೊಲದ ಬಂಗಾರದ ಗಟ್ಟಿಯೆಂದು ದೇಶವಿದೇಶಗಳಲ್ಲಿ ಪ್ರಸಿದ್ಧವಾದುದು ೧೧೬.೬೪ ಗ್ರಾಮನ್ನೇ ತೂಗುವುದು, ನೂರನ್ನಲ್ಲ. ಹೀಗೆ ಎರಡು ತೊಲಗಳು ಒಂದೇ ಪೇಟೆಯಲ್ಲಿ ಒಂದೇ ಹೆಸರಿನಿಂದ ಸಂಚರಿಸುತ್ತಿವೆ. ಮೊದಲು ಹೇಳಿದ ಐದು ತೊಲದ ಕರಡಿಗೆಯು ಒಂದು ಲೆಕ್ಕದಲ್ಲಿ ೫೮.೩೨ ಗ್ರಾಮು, ಮತ್ತೊಂದು ಲೆಕ್ಕದಲ್ಲಿ ೫೦ ಗ್ರಾಮು. ಪತ್ತಾರನು ಐವತ್ತು ಗ್ರಾಮಿನ ಬೆಳ್ಳಿಗೆ ಐವತ್ತು ಗ್ರಾಮಿನ ಬೆಲೆಯನ್ನೇ ಪಡೆದರೆ ಮೋಸವೇನೂ ಇಲ್ಲ. ಅಜ್ಜನ ತೊಲವನ್ನು ಮನಸ್ಸಿನಲ್ಲಿಟ್ಟುಕೊಂಡವನಿಗೆ ಮೊಮ್ಮಗನ ತೊಲವನ್ನು ಹೇಳದೆ ಕೊಟ್ಟರೆ ಮಾತ್ರ ಅದು ಮೋಸ.

ಮಠಮಾನ್ಯಗಳಿಗೆ ಇದರಿಂದ ಒದಗಬಹುದಾದ ವಿಪತ್ತು ಇದಕ್ಕಿಂತ ಹೆಚ್ಚಿನದು. ಭಕ್ತರು ಗದ್ದುಗೆಗೆ ಸಲ್ಲಿಸಿದ ಬೆಳ್ಳಿಯ ಸಾಮಾನುಗಳನ್ನು ಮಠದ ಕಡತಗಳಲ್ಲಿ ತೊಲದ ಲೆಕ್ಕದಿಂದ ಬರೆದಿಡುವ ಪದ್ಧತಿಯು ಹಿಂದಿನಿಂದ ನಡೆದುಬಂದುದು. ಒಂದು ಕಡತದಲ್ಲಿ “ಬೆಳ್ಳಿಯ ಪ್ರಭಾವಳಿ, ೨೫೦ ತೊಲ” ಎಂದಿರುವುದೆಂದು ಭಾವಿಸತಕ್ಕದ್ದು. ಹಳೆಯ ತೊಲವಾದರೆ ಅದು ೨ ಕಿಲೋಗ್ರಾಮು ೯೧೬ ಗ್ರಾಮು. ಹತ್ತು ಗ್ರಾಮಿನ ತೊಲವಾದರೆ ೨ ಕಿಲೋಗ್ರಾಮು ೫೦೦ ಗ್ರಾಮು. ವ್ಯತ್ಯಾಸವು ೪೧೬ ಗ್ರಾಮು. ಬರೆದವನು ಹತ್ತು ಗ್ರಾಮಿನ ತೊಲದಿಂದ ಬರೆದು, ಮುಂದಿನ ತಲೆಮಾರಿನ ಪರೀಕ್ಷಕನು ಹಳೆಯ ತೊಲದಿಂದ ಎಣಿಸಿದರೆ ನಾನೂರ ಹದಿನಾರು ಗ್ರಾಮು ಬೆಳ್ಳಿಯು ಕಾಣೆಯಾದಂತೆ ತೋರುವುದು. ಆಗ ಅಪವಾದವು ಯಾರ ಮೇಲೆ? ಬೀಗದ ಕೈಯನ್ನು ಹಿಡಿದು, ಒಂದು ಗುಂಜಿಯನ್ನೂ ಮುಟ್ಟದೆ, ಜೀವಮಾನವೆಲ್ಲ ಮಠದ ಸೇವೆಯನ್ನು ಮಾಡಿದ ಉಗ್ರಾಣಿಯ ಮೇಲೆ. ಇದಕ್ಕೆ ವಿರುದ್ಧವಾಗಿ ಹಳೆಯ ತೊಲದಿಂದ ಬರೆದುದನ್ನು ಹತ್ತು ಗ್ರಾಮಿನಿಂದ ಎಣಿಸಿದರೆ, ನಾನೂರು ಗ್ರಾಮು ನಿಜವಾಗಿಯೂ ಕಳುವಾಗಿದ್ದರೂ ಲೆಕ್ಕವು ಸರಿಯಾಗಿದ್ದಂತೆಯೇ ಕಾಣುವುದು. ಕಳ್ಳನು ಪಾರಾಗುವನು. ಒಂದು ಶಬ್ದದ ಅರ್ಥವನ್ನು ಬರೆದಿಡದ ಆಲಸ್ಯದಿಂದ ನಿರಪರಾಧಿಗೆ ಕಳಂಕವೂ ಅಪರಾಧಿಗೆ ರಕ್ಷಣೆಯೂ ಉಂಟಾಗುವುದೆಂದ ಮೇಲೆ ಇದನ್ನು ಸಣ್ಣ ವಿಷಯವೆನ್ನಬಹುದೆ?

ಭಂಡಾರಿಯ ಮೇಲೆ ಅಪವಾದ ಬರುವುದು ಹ��ಸದಲ್ಲ. ಬಸವಣ್ಣನವರು ಬೊಕ್ಕಸದ ಹೊನ್ನನ್ನು ಜಂಗಮದಾಸೋಹಕ್ಕೆ ವ್ಯಯಮಾಡುತ್ತಿರುವರೆಂದು ಮತ್ಸರಿಗಳು ಬಿಜ್ಜಳನ ಬಳಿ ದೂರಿದ ಪ್ರಸಂಗವು ಬಸವಪುರಾಣವನ್ನು ಕೇಳಿದವರಿಗೆಲ್ಲ ಗೊತ್ತು. ಭೀಮಕವಿಯು ೧೩೬೯ರಲ್ಲಿ ಅದನ್ನು ಕನ್ನಡಕ್ಕೆ ತಂದನು. ಆ ಅಪವಾದಕ್ಕೆ ಬಸವಣ್ಣನವರು ಬರಿಯ ಮಾತಿನಿಂದ ಉತ್ತರ ಕೊಡಲಿಲ್ಲ. ಬೊಕ್ಕಸವನ್ನು ತೆರೆಸಿ ಎಣಿಸಿ ನೋಡಲಾಯಿತು, ಕೊರತೆಯು ಕಾಣಲಿಲ್ಲ. ಭಕ್ತಿಯು ಎಷ್ಟೇ ದೊಡ್ಡದಾಗಿದ್ದರೂ ಲೆಕ್ಕವನ್ನೊಪ್ಪಿಸುವ ಹೊಣೆಯಿಂದ ಭಂಡಾರಿಯು ತಪ್ಪಿಸಿಕೊಳ್ಳುವಂತಿಲ್ಲ. ಲೆಕ್ಕವು ಶುದ್ಧವಾಗಿದ್ದರೆ ಅದೇ ಅವನಿಗೆ ರಕ್ಷೆ.

ಕೊರತೆಯಂತೆಯೇ ಹೆಚ್ಚಳವೂ ದೋಷವೆಂಬುದನ್ನು ತೋರಿಸಿಕೊಟ್ಟವಳು ಮಹಾಶರಣೆ ಆಯ್ದಕ್ಕಿ ಲಕ್ಕಮ್ಮ. ಪತಿಯಾದ ಮಾರಯ್ಯನು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ನಿತ್ಯಕ್ಕಿಂತ ಹೆಚ್ಚಾಗಿ ತಂದಾಗ ಅದನ್ನು ತಂದ ಸ್ಥಳದಲ್ಲಿಯೇ ಸುರಿದು ಬರಬೇಕೆಂದು ಆಕೆಯು ಹಿಂದಕ್ಕೆ ಕಳುಹಿಸಿದಳು. ಆಕೆಯ ಕೈಯಲ್ಲಿ ತಕ್ಕಡಿಯಿರಲಿಲ್ಲ, ತೊಲದ ಬಟ್ಟೂ ಇರಲಿಲ್ಲ. ಆದರೂ ಇಷ್ಟು ತನ್ನದು, ಇದಕ್ಕೆ ಮೀರಿದ್ದು ತನ್ನದಲ್ಲ ಎಂಬ ಪ್ರಮಾಣವು ಆಕೆಯ ಮನಸ್ಸಿನಲ್ಲಿ ನಿಶ್ಚಲವಾಗಿದ್ದಿತು. ಕಾಯಕದಿಂದ ಬಂದುದೇ ದಾಸೋಹಕ್ಕೆ ಯೋಗ್ಯ, ಮಿತಿಮೀರಿ ಬಂದುದು ಯೋಗ್ಯವಲ್ಲ ಎಂಬ ಶರಣಧರ್ಮದ ನಿಜವಾದ ತೂಕವು ಅಲ್ಲಿರುವುದು.

ಆದಕಾರಣ ಸದ್ಭಕ್ತರು ಮೂರು ವಿಷಯಗಳನ್ನು ನೆನಪಿನಲ್ಲಿಡತಕ್ಕದ್ದು. ಮೊದಲನೆಯದಾಗಿ, ತೊಲವೆಂಬ ಮಾತು ಬಂದಾಗ ಎಷ್ಟು ಗ್ರಾಮಿನ ತೊಲವೆಂದು ಕೇಳಿ ತಿಳಿದು, ಚೀಟಿಯಲ್ಲಿ ಗ್ರಾಮಿನ ಅಂಕಿಯನ್ನೇ ಬರೆಯಿಸಬೇಕು. ಎರಡನೆಯದಾಗಿ, ಮನೆಯ ಅಥವಾ ಮಠದ ಹಳೆಯ ಕಡತವನ್ನು ಓದುವಾಗ ಅದು ಯಾವ ಕಾಲದ್ದೆಂದು ನೋಡಿ, ವಸ್ತುವನ್ನು ಎದುರಿಗಿಟ್ಟು ಮತ್ತೆ ತೂಗಿ, ಹಳೆಯ ಅಂಕಿಯನ್ನು ಅಳಿಸದೆ ಅದರ ಪಕ್ಕದಲ್ಲಿ ಗ್ರಾಮಿನ ತೂಕವನ್ನೂ ತೂಗಿದ ದಿನವನ್ನೂ ಬರೆಯಬೇಕು. ಹಾಗೆ ತೂಗಿ ನೋಡುವ ಮೊದಲು ಯಾರ ಮೇಲೆಯೂ ಸಂಶಯವನ್ನಾಡಬಾರದು. ಮೂರನೆಯದಾಗಿ, ಮಕ್ಕಳಿಗೆ ಗುಂಜಿ, ಮಾಸ, ತೊಲ, ಸೇರುಗಳ ಕೋಷ್ಟಕವನ್ನು ಕಲಿಸಬೇಕು. ಅದರಿಂದ ವ್ಯಾಪಾರ ಮಾಡಬೇಕೆಂದಲ್ಲ, ಹಿರಿಯರು ಬರೆದಿಟ್ಟುದನ್ನು ಅವರು ಬರೆದ ಅರ್ಥದಲ್ಲಿಯೇ ಓದುವ ಶಕ್ತಿಯು ಉಳಿಯಬೇಕೆಂದು.

ಗುಲಗಂಜಿಯು ಹೋಗಿ ರೂಪಾಯಿ ಬಂದಿತು. ರೂಪಾಯಿ ಹೋಗಿ ಗ್ರಾಮು ಬಂದಿತು. ಬಟ್ಟುಗಳನ್ನು ಬದಲಾಯಿಸುವುದು ಕಾಲದ ಕೆಲಸ. ಕೊಡುವವನೂ ಕೊಳ್ಳುವವನೂ ಒಂದೇ ಅರ್ಥದಲ್ಲಿ ಮಾತನಾಡುವುದು ಮಾತ್ರ ಎಲ್ಲ ಕಾಲಕ್ಕೂ ಸಲ್ಲತಕ್ಕ ಧರ್ಮ. ಶ್ರೀಮಠದ ಈ ಸುವರ್ಣ ಮಹೋತ್ಸವದಲ್ಲಿ ಭಕ್ತರು ಸಲ್ಲಿಸುವ ಕಾಣಿಕೆಯು ಒಂದು ತೊಲವಾಗಲಿ ಒಂದು ಹಿಡಿ ಅಕ್ಕಿಯಾಗಲಿ, ಸತ್ಯವಾದ ತಕ್ಕಡಿಯಲ್ಲಿ ತೂಗಿದ ಕಾಯಕದ ಫಲವಾಗಿದ್ದರೆ ಅದು ಗುರುಲಿಂಗಜಂಗಮರಿಗೆ ನಿಶ್ಚಯವಾಗಿಯೂ ಅರ್ಪಿತವಾಗುವುದು. ಅಂತಹ ಶುದ್ಧವಾದ ಕಾಯಕವೂ ಶುದ್ಧವಾದ ಲೆಕ್ಕವೂ ಸಕಲ ಸದ್ಭಕ್ತರ ಮನೆಗಳಲ್ಲಿ ನೆಲೆಸುವಂತೆ ಶ್ರೀ ಗುರುವು ಕೃಪೆಮಾಡಲಿ.

|| ಸರ್ವೇಷಾಂ ಮಂಗಲಂ ಭೂಯಾತ್ ||